ಕರೆಂಟಿಲ್ಲದ ಪ್ರಾಕ್ಟಿಕಲ್

ನನ್ನ ಕಂಪ್ಯೂಟರ್ ಸರ್ಟಿಫಿಕೇಟಿನ ಮೇಲೆ ಪ್ರಥಮ ದರ್ಜೆ ಎಂದು ಬರೆದಿದೆ. ಅದನ್ನು ನೋಡಿದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಹರಿದು ಹಾಕೋಣವೆಂದರೆ ಧೈರ್ಯವಿಲ್ಲ. ಇಷ್ಟು ವರ್ಷ ಉಂಡದ್ದು ಅದರ ಅನ್ನವನ್ನೇ.

ತೊಂಬತ್ತರ ದಶಕದ ನಡುವಿನ ಮಾತು. ಕೃಷ್ಣಾ ದಂಡೆಯ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ಆಫೀಸಿನಲ್ಲಿ ನಾವಿಬ್ಬರು ಕಾರಕೂನರು. ಪಕ್ಕದ ಮೇಜಿನವರು ನನಗಿಂತ ಹತ್ತು ವರ್ಷ ಹಿರಿಯರು, ಅವರನ್ನು ನಾನು ಅಣ್ಣಾರು ಎನ್ನುತ್ತಿದ್ದೆ. ಆ ವರ್ಷ ಆಫೀಸಿಗೆ ಕಂಪ್ಯೂಟರ್ ಬರುವುದಿತ್ತು. ಸರ್ಟಿಫಿಕೇಟ್ ತಂದವರು ಒಳಗೆ, ಇನ್ನೊಬ್ಬರು ಹೊರಗೆ ಕಾಟಾದಲ್ಲಿ, ಅಂದರೆ ಕಬ್ಬಿನ ಗಾಡಿ ತೂಗುವ ಜಾಗದಲ್ಲಿ. ಇಬ್ಬರೂ ಪಾಸಾದರೆ ಕುರ್ಚಿ ಹಿರಿಯರಿಗೆ ಎಂದು ಮ್ಯಾನೇಜರ್ ಸಾಹೇಬರು ಹೇಳಿದರು. ಕಾಟಾ ಎಂದರೆ ದಿನವಿಡೀ ಟ್ರ್ಯಾಕ್ಟರಿನ ಹೊಗೆ, ಧೂಳು, ಗಾಳಿಗೆ ಹಾರುವ ಸಿಪ್ಪೆಯ ಪುಡಿ. ಅಣ್ಣಾರಿಗೆ ದಮ್ಮಿನ ಕಾಯಿಲೆಯಿತ್ತು.

"ತಮ್ಮಾ, ಆ ಧೂಳಿನ್ಯಾಗ ನಾ ಒಂದು ಹಂಗಾಮು ಸೈತ ತಡ್ಯಾಂಗಿಲ್ಲ," ಅಂದಿದ್ದರು.

ಇಬ್ಬರೂ ಚಿಕ್ಕೋಡಿಯ ಒಂದು ಕ್ಲಾಸಿಗೆ ಸೇರಿದೆವು. ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಎರಡು ಕಂಪ್ಯೂಟರ್, ಇಪ್ಪತ್ತು ಜನ. ಕ್ಲಾಸಿನ ಮಾಲಕ ಅರ್ಧ ಮರಾಠಿ, ಅರ್ಧ ಕನ್ನಡದ ಮನುಷ್ಯ. ಮೊದಲ ದಿನವೇ ಝೆರಾಕ್ಸ್ ಕಟ್ಟು ಹಂಚಿದ. ಪ್ರಶ್ನೆ, ಅದರ ಕೆಳಗೆ ಉತ್ತರ. ಪ್ರಾಕ್ಟಿಕಲ್ಲಿಗೂ ಯಾವ ಬಟನ್ ಆದಮೇಲೆ ಯಾವ ಬಟನ್ ಎಂದು ಸಾಲಾಗಿ ಬರೆದಿತ್ತು.

"ಮಶೀನ್ ಮುಟ್ಟೂ ಜರೂರ ಇಲ್ರಿ. ಇಷ್ಟ ಪಾಠ ಮಾಡ್ರಿ, ಪಾಸ್ ನಕ್ಕಿ, ಗ್ಯಾರಂಟಿ."

ನಾನು ಬಾಯಿಪಾಠ ಮಾಡಿದೆ. ಬಸ್ಸಿನಲ್ಲಿ, ಊಟಕ್ಕೆ ಕುಳಿತಾಗ, ಶಾಲೆಯಲ್ಲಿ ಮಗ್ಗಿ ಉರು ಹೊಡೆದ ಹಾಗೆ. ಅರ್ಥ ಕೇಳಲಿಲ್ಲ, ಕೇಳಿದ್ದರೆ ಹೇಳುವ ಯೋಗ್ಯತೆ ಆ ಮಾಲಕನಿಗೂ ಇರಲಿಲ್ಲ. ಅಣ್ಣಾರು ಮಾತ್ರ ರವಿವಾರ ಎಲ್ಲರಿಗಿಂತ ಮೊದಲು ಬಂದು ಮಶೀನ್ ಹಿಡಿಯುತ್ತಿದ್ದರು. ಏಳನೆಯ ತರಗತಿಯವರೆಗೆ ಮರಾಠಿ ಶಾಲೆ, ಇಂಗ್ಲಿಷ್ ಬರೆಯಲು ಕೂತರೆ ಬೆವರು. ಆದರೆ ನೋಡುನೋಡುತ್ತ ಬೆರಳು ಪಳಗಿದವು. ಒಂದು ದಿನ ಮಂಗಸೂಳಿ ಊರಿನ ರೈತರ ಹೆಸರು, ಕಬ್ಬಿನ ತೂಕ ಎಲ್ಲ ಹಾಕಿ ಪಟ್ಟಿಯನ್ನೇ ಮಾಡಿ ತೋರಿಸಿದರು.

"ಅಣ್ಣಾರ, ಇದನ್ನ ಪರೀಕ್ಷಾದಾಗ ಯಾರ ಕೇಳ್ತಾರ್ರಿ?" ಎಂದು ನಾನು ಚೇಷ್ಟೆ ಮಾಡಿದೆ.

"ನಾಳೆ ಆಫೀಸಿನ್ಯಾಗ ಕೇಳ್ತಾರಲ್ಲೋ ತಮ್ಮಾ."

ಪರೀಕ್ಷೆಯ ದಿನ ಪರೀಕ್ಷಕರೊಬ್ಬರು ಪರವೂರಿನಿಂದ ಬಂದರು. ಬೆಳಿಗ್ಗೆ ಪೇಪರು ಮುಗಿಯಿತು. ಇಬ್ಬರೂ ಹೇಗೋ ಬರೆದೆವು. ಆಮೇಲೆ ಮಾಲಕನ ಮನೆಯಿಂದ ಹೋಳಿಗೆ, ಕಟ್ಟಿನ ಸಾರು ಬಂತು. ಇಪ್ಪತ್ತು ಜನ ಬಾಗಿಲಲ್ಲಿ ಕಾಯುತ್ತಿದ್ದರೆ ಪರೀಕ್ಷಕ ತುಪ್ಪ ಸುರಿಸಿಕೊಂಡು ಮೂರನೆಯ ಹೋಳಿಗೆಗೆ ಕೈ ಹಾಕಿದ್ದ. ಕೈ ತೊಳೆಯುವಷ್ಟರಲ್ಲಿ ಕರೆಂಟು ಹೋಯಿತು. ನಾಲ್ಕರವರೆಗೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆತನ ಬಸ್ಸು ಮೂರಕ್ಕೆ.

"ಹಾಳಿ ಮ್ಯಾಲ ಬರದು ಕೊಡ್ರಿ, ಯಾವ ಬಟನ್ ಒತ್ತತೀರಿ ಅಂತ. ಅದ ಪ್ರಾಕ್ಟಿಕಲ್," ಅಂದ, ಕಡ್ಡಿಯಿಂದ ಹಲ್ಲು ಕೆದಕುತ್ತ.

ಉಳಿದವರೆಲ್ಲ ಬರೆದೆವು. ನನ್ನ ಹಾಳೆಯಲ್ಲಿ ಒಂದು ಚಿತ್ತೂ ಇರಲಿಲ್ಲ. ಅಣ್ಣಾರು ಎದ್ದು ನಿಂತರು.

"ಸಾಹೇಬ್ರ, ನಾಕಕ್ಕ ಕರೆಂಟ್ ಬರ್ತೈತ್ರಿ. ಮಾಡೇ ತೋರಸ್ತೇನ್ರಿ. ನನಗ ಕೈಯಾಗ ಬರ್ತೈತಿ, ಬರಿಯಾಕ ಬರಂಗಿಲ್ರಿ."

"ಕೈಯಾಗ ಬರ್ತಿದ್ರ ಕಬ್ಬ ಕಡಿಯಾಕ ಹೋಗ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಣ್ಣಾರು ಸತ್ತ ಕಂಪ್ಯೂಟರಿನ ಮುಂದೆ ಕೂತು, ಕತ್ತಲ ಪರದೆ ನೋಡುತ್ತ ಪ್ರಶ್ನೆಯಲ್ಲಿ ಕೇಳಿದ್ದನ್ನೆಲ್ಲ ಒಂದೊಂದೇ ಬಟನ್ ಒತ್ತಿ ಮಾಡಿದರು. ಪರೀಕ್ಷಕ ಗಡಿಯಾರ ನೋಡಿಕೊಂಡು ಚಪ್ಪಲಿ ಮೆಟ್ಟಿದ. ಥೂ, ಎಂಥ ಮಂದಿ ನಾವೆಲ್ಲ!

ಅಣ್ಣಾರು ನಪಾಸಾದರು. ಕಬ್ಬು ಅರೆಯುವ ಹಂಗಾಮು ಶುರುವಾದ ದಿನ ಅವರು ಮೂಗಿಗೆ ಟವೆಲ್ ಕಟ್ಟಿಕೊಂಡು ಕಾಟಾಕ್ಕೆ ಹೋದರು, ನಾನು ಫ್ಯಾನಿನ ಕೆಳಗಿನ ಕುರ್ಚಿಗೆ.

ಹತ್ತು ದಿನಕ್ಕೆ ಮೊದಲ ತೂಕದ ಪಟ್ಟಿ ಕೊಡಬೇಕಿತ್ತು. ಕಂಪ್ಯೂಟರ್ ಚಾಲೂ ಮಾಡಿದೆ. ಕಪ್ಪು ಪರದೆಯ ಮೇಲೆ ಸಣ್ಣ ಗೆರೆಯೊಂದು ಮಿಣುಕುತ್ತ ಕೂತಿತು. ಪ್ರಶ್ನೆಯ ನಂಬರು ಕಾಣದೆ ನನಗೆ ಒಂದು ಉತ್ತರವೂ ನೆನಪಾಗಲಿಲ್ಲ. ಎರಡು ದಿನ ಬಾಗಿಲು ಹಾಕಿಕೊಂಡು ಒದ್ದಾಡಿದೆ. ಮೂರನೆಯ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾಚಿಕೆ ಬಿಟ್ಟು ಕಾಟಾಕ್ಕೆ ಹೋಗಿ ಅಣ್ಣಾರನ್ನು ಕರೆದೆ. ಅವರು ಬುತ್ತಿ ಕಟ್ಟಿಟ್ಟು ಬಂದರು. ಎದೆ ಸುಂಯ್ಗುಡುತ್ತಿತ್ತು. ಒಂದು ತಾಸಿನಲ್ಲಿ ಉಗಾರ ಬುದ್ರುಕ, ಮಂಗಸೂಳಿ ಎಂದು ಊರುವಾರು ಪಟ್ಟಿ ತಯಾರಾಯಿತು.

ಆಗಲೇ ಮ್ಯಾನೇಜರ್ ಸಾಹೇಬರು ಒಳಗೆ ಬಂದರು. ಅಣ್ಣಾರ ಕೈ ಇನ್ನೂ ಕೀಬೋರ್ಡಿನ ಮೇಲಿತ್ತು.

"ಇವರ್ಯಾಕ ಇಲ್ಲಿ ಕುಂತಾರ?"

ನಿಜ ಹೇಳಲು ಅಷ್ಟು ಒಳ್ಳೆಯ ಹೊತ್ತು ಮತ್ತೆ ಸಿಗುತ್ತಿರಲಿಲ್ಲ. ಪಟ್ಟಿ ಮಾಡಿದವರು ಇವರು ಎಂದಿದ್ದರೆ ಸಾಕಿತ್ತು, ಅಣ್ಣಾರು ಅಂದೇ ಒಳಗೆ ಬರುತ್ತಿದ್ದರೇನೋ.

"ಕಲೀಬೇಕಂತ ಬಂದಾರ್ರಿ," ಅಂದೆ ನಾನು.

ಅಣ್ಣಾರು ನನ್ನ ಮುಖ ನೋಡಿದರು. ಕುರ್ಚಿಯಿಂದ ಎದ್ದರು.

"ಹೌದ್ರಿ ಸಾಹೇಬ್ರ. ಬಾಳ ಚಲೋ ಕಲಸ್ತಾನ್ರಿ," ಎಂದು ಟವೆಲ್ ಕಟ್ಟಿಕೊಂಡು ಕಾಟಾಕ್ಕೆ ಹೋದರು.