ರಷ್ಯಾ, ಫ್ರಾನ್ಸ್ ಮತ್ತು ರೂವಿಯ ಒಂದು ಅಡುಗೆಮನೆ

ಆ ಸಿನಿಮಾದಲ್ಲಿ ಎರಡು ಒಲೆಗಳಿದ್ದವು. ಒಂದು ರಷ್ಯಾದ ಹಿಮ ಬೀಳುವ ಯಾವುದೋ ಊರಿನಲ್ಲಿ, ಒಬ್ಬ ವಿಧವೆಯ ಮನೆಯಲ್ಲಿ. ಇನ್ನೊಂದು ಫ್ರಾನ್ಸಿನಲ್ಲಿ, ಬಹಳ ನೀಟಾದ ಗಂಡಹೆಂಡಿರ ಮನೆಯಲ್ಲಿ. ಎರಡರ ಮೇಲೂ ಒಂದೇ ಹೊತ್ತಿಗೆ ಏನಾದರೂ ಕುದಿಯತೊಡಗಿದರೆ ಸಾಕು, ನಡುವಿನ ಗೋಡೆ ಮಾಯವಾಗುತ್ತಿತ್ತು. ಆ ಗೋಡೆಯ ಜೊತೆ ನಡುವಿನ ನಾಲ್ಕಾರು ದೇಶಗಳೂ ಮಾಯ. ಯಾರಾದರೊಬ್ಬರು ಒಲೆ ಆರಿಸಿದರೆ ಗೋಡೆ ದಢಕ್ಕನೆ ವಾಪಸು ಬರುತ್ತಿತ್ತು. ಆಗ ಯಾರು ಯಾವ ಕಡೆ ಸಿಕ್ಕಿಕೊಂಡರೋ, ಮುಂದಿನ ಅಡುಗೆಯವರೆಗೆ ಅಲ್ಲೇ ಗತಿ.

ಕ್ಯಾಸೆಟ್ಟಿನ ಮೇಲೆ ಅಂಟಿಸಿದ್ದ ಚೀಟಿ ಅರಬ್ಬಿಯಲ್ಲಿತ್ತು. ಹಾಗಾಗಿ ಅದರ ಹೆಸರೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಬರುತ್ತಿತ್ತು. ಒಂದು ಶುಕ್ರವಾರ ಊಟವಾದ ಮೇಲೆ ಎರಡೂ ಮನೆಯವರು ಹಾಲಿನಲ್ಲಿ ಚಾಪೆ ಹಾಕಿಕೊಂಡು, ಏಸಿ ಹಾಕಿ, ಕರ್ಟನ್ ಎಳೆದು ನೋಡಿದೆವು. ಎರಡೂ ಮನೆಯವರು ಎಂದೆನಲ್ಲ, ಮನೆ ಮಾತ್ರ ಒಂದೇ.

ಎಣ್ಣೆಯ ಬೆಲೆ ಬಿದ್ದುಹೋಗಿದ್ದ ವರ್ಷಗಳು ಅವು. ಗಲ್ಫಿನಲ್ಲಿದ್ದ ನಮ್ಮವರ ಕಂಪನಿ ಮೊದಲು ಓವರ್‌ಟೈಮ್ ನಿಲ್ಲಿಸಿತು, ಆಮೇಲೆ ಹೌಸಿಂಗ್ ಅಲೋವೆನ್ಸನ್ನು ಅರ್ಧ ಮಾಡಿತು. ಅರ್ಧ ಅಲೋವೆನ್ಸಿಗೆ ಸಿಕ್ಕಿದ್ದು ರೂವಿಯಲ್ಲಿ ಅರ್ಧ ಫ್ಲ್ಯಾಟು. ನಮಗೊಂದು ಬೆಡ್‌ರೂಮು, ಇನ್ನೊಂದು ಸಂಸಾರಕ್ಕೊಂದು ಬೆಡ್‌ರೂಮು. ಹಾಲು, ಅಡುಗೆಮನೆ ಇಬ್ಬರಿಗೂ. ಆ ಸಂಸಾರದಾಕೆಯ ಗಂಡನೂ ನಮ್ಮವರೂ ಅಲ್ ಖುವೈರ್‌ನಲ್ಲಿ ಒಂದೇ ಆಫೀಸಿನಲ್ಲಿದ್ದರು. ಅವರು ಉಡುಪಿ ಕಡೆಯ ತುಳು ಮಾತಿನವರು, ನಾವು ಮೈಸೂರಿನವರು. ಆಫೀಸಿನಲ್ಲಿ ಎಷ್ಟೋ ಜನ ಆಗಲೇ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಬ್ಯಾಚುಲರ್ ರೂಮುಗಳಲ್ಲಿ ಬಂಕ್ ಮಂಚ ಹಾಕಿಕೊಂಡಿದ್ದರು. ಈ ಅರ್ಧ ಫ್ಲ್ಯಾಟು ಕೈತಪ್ಪಿದರೆ ನಮಗೂ ಅದೇ ಎಂಬುದು ನನಗೆ ಚೆನ್ನಾಗಿ ತಿಳಿದಿತ್ತು. ನಾನು ಮಗಳನ್ನು ಕಟ್ಟಿಕೊಂಡು ಮೈಸೂರಿಗೆ, ನಮ್ಮವರು ಬಂಕಿಗೆ. ಮೈಸೂರು ನನ್ನ ಪ್ರೀತಿಯ ಊರೇ. ಆದರೆ ಗಂಡನನ್ನು ವರ್ಷಕ್ಕೊಂದು ಸಲ ಏರ್‌ಪೋರ್ಟಿನಲ್ಲಿ ನೋಡುವ ಬದುಕು ನನಗೆ ಬೇಡವಾಗಿತ್ತು.

ಸಿನಿಮಾಕ್ಕೆ ಬರುತ್ತೇನೆ. ಗೋಡೆ ಮಾಯವಾದ ಮೊದಲ ಸಂಜೆಯೇ ರಷ್ಯಾದ ವಿಧವೆ, ಆಕೆಯ ತಮ್ಮ, ತಮ್ಮನ ಅತ್ತೆ, ಪಕ್ಕದ ಮನೆಯವರು ಎಲ್ಲರೂ ಒಂದು ಬೀಟ್‌ರೂಟ್ ಸೂಪಿನ ಪಾತ್ರೆ ಹೊತ್ತುಕೊಂಡು ಫ್ರಾನ್ಸಿನೊಳಕ್ಕೆ ಬಂದುಬಿಟ್ಟರು. ಬಾಗಿಲಲ್ಲೇ ಬೂಟು ಬಿಚ್ಚಿದರು. ನನ್ನ ಪಕ್ಕ ಚಾಪೆಯ ಮೇಲೆ ಕೂತಿದ್ದ ಆಕೆ ಅದನ್ನು ನೋಡಿ, "ಇವರು ನಮ್ಮವರೇ ಮಾರಾಯ್ರೆ!" ಎಂದಳು. ಫ್ರೆಂಚ್ ಗಂಡ ಎಲ್ಲರನ್ನೂ ನೋಡಿ ಮುಗುಳ್ನಕ್ಕ. ರಷ್ಯಾದ ಅತ್ತೆ ಗಾಬರಿಯಾಗಿ, ಈ ಮನುಷ್ಯನಿಗೆ ಏನಾಗಿದೆ, ಪರಿಚಯವೇ ಇಲ್ಲದವರನ್ನು ನೋಡಿ ಯಾಕೆ ನಗುತ್ತಾನೆ ಎಂದು ಅಳಿಯನ ಕಿವಿಯಲ್ಲಿ ಕೇಳಿದಳು. ಫ್ರೆಂಚರು ಒಂದಾದ ಮೇಲೊಂದು ಪ್ಲೇಟು ತಂದರೆ, ರಷ್ಯಾದವರು ಮನೆಯಲ್ಲಿದ್ದ ಉಪ್ಪಿನಕಾಯಿಯ ಜಾಡಿಯವರೆಗೆ ಎಲ್ಲವನ್ನೂ ಒಟ್ಟಿಗೇ ಟೇಬಲ್ಲಿನ ಮೇಲೆ ಹರಡಿದರು.

ನಾವು ಬಿದ್ದು ಬಿದ್ದು ನಕ್ಕಿದ್ದು ಆ ತಮ್ಮನ ಪಾಡಿಗೆ. ಫ್ರೆಂಚ್ ಹೆಂಡತಿ ಒಂದು ಸೊಗಸಾದ ಗೋಪುರದಂಥ ಕೇಕು ಹಿಡಿದು ಬೇಕೇ ಎಂದು ಕೇಳುತ್ತಾಳೆ. ಪಾಪ, ಆತ ಎದೆಯ ಮೇಲೆ ಕೈಯಿಟ್ಟು, ಅಯ್ಯೋ ಬೇಡ, ಈಗ ತಾನೇ ಊಟವಾಯಿತು ಎನ್ನುತ್ತಾನೆ. ಆಕೆ ಸರಿ ಎಂದು ಕೇಕನ್ನು ಒಳಗಿಟ್ಟು ಫ್ರಿಜ್ಜಿನ ಬಾಗಿಲು ಹಾಕಿಬಿಡುತ್ತಾಳೆ! ಆತನ ಕಣ್ಣು ಆ ಬಾಗಿಲನ್ನೇ ನೋಡುತ್ತ ಕೂತುಬಿಡುತ್ತದೆ. ಮರುದಿನ ಗೋಡೆಯ ಆಚೆಗೆ ಸಿಕ್ಕಿಕೊಂಡ ಫ್ರೆಂಚ್ ಗಂಡ ಸಾಕು ಎಂದಷ್ಟು ಸಲವೂ ವಿಧವೆ ಅವನ ತಟ್ಟೆಗೆ ಮತ್ತೆ ಬಡಿಸುತ್ತಾಳೆ. ಕೊನೆಗೆ ಅವನು ಬೆಲ್ಟ್ ಸಡಿಲಿಸಿ ಅಳತೊಡಗುತ್ತಾನೆ. ನಾನಂತೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. "ಪುವರ್ ಥಿಂಗ್ಸ್," ಎಂದೆ. ಆ ಎರಡೂ ದೇಶದವರಿಗೂ ನನಗೂ ಏನೂ ಸಂಬಂಧವಿಲ್ಲ ಎನ್ನುವ ಹಾಗೆ.

ಸಂಜೆ ಕಾಫಿ ಮಾಡುವಾಗ ನಮ್ಮ ಅಡುಗೆಮನೆಯಲ್ಲೂ ದೇಶಗಳ ಹಂಚಿಕೆಯಾಯಿತು. ಅಲ್ಲೂ ಎರಡು ಗ್ಯಾಸ್ ಒಲೆ, ನಡುವೆ ಒಂದು ಸಿಂಕು.

"ನಾವು ಫ್ರಾನ್ಸ್," ಎಂದಳು ಆಕೆ. "ನಮಗೆ ಸಮುದ್ರ ಉಂಟು, ಸ್ಟೈಲು ಉಂಟು."

"ಅದು ಹೇಗ್ರೀ ಆಗುತ್ತೆ? ಊಟಕ್ಕೆ ನ್ಯಾಪ್‌ಕಿನ್ ಇಡೋರು ಯಾರು? ಮನೆಗೆ ಶುಕ್ರವಾರ ಬಂದರೆ ಸೋಮವಾರ ಹೋಗೋ ಕಸಿನ್ಸು ಯಾರಿಗಿದ್ದಾರೆ?"

ಆಕೆ ಸ್ವಲ್ಪ ಯೋಚಿಸಿದಳು. "ಅದು ಹೌದು. ಆಯ್ತು, ನಾವು ರಷ್ಯಾ. ಆದ್ರೆ ಅಕ್ಕ, ಬಂಗುಡೆ ಹುರಿಲಿಕ್ಕೆ ಫ್ರಾನ್ಸಿನ ಪರ್ಮಿಷನ್ ಎಲ್ಲ ಕೇಳುದಿಲ್ಲ ನಾನು."

ಹಾಗೆ ನಾನು ಫ್ರಾನ್ಸಾದೆ. ನನಗೆ ಅದು ಸಹಜವಾಗಿಯೇ ಕಂಡಿತ್ತು, ಸುಳ್ಳೇಕೆ ಹೇಳಲಿ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಸೂಪನ್ನು ಸದ್ದಿಲ್ಲದೆ ಕುಡಿಯುವುದನ್ನು ಕಲಿಸಿದ್ದರು, ಸ್ಪೂನು ಎತ್ತ ಕಡೆ ವಾಲಬೇಕೆಂದು ಕಲಿಸಿದ್ದರು. ಆ ಶುಕ್ರವಾರದಿಂದ ಮೀನು ಹುರಿಯುವ ಸದ್ದು ಕೇಳಿದ ಕೂಡಲೇ ನಾನು ಎಕ್ಸಾಸ್ಟ್ ಫ್ಯಾನ್ ಹಾಕಿ ಊದುಬತ್ತಿ ಹಚ್ಚುವೆ. ಆಕೆ ಸೌಟು ಹಿಡಿದುಕೊಂಡೇ, "ಹೋ, ಫ್ರಾನ್ಸಲ್ಲಿ ಪೂಜೆ ಶುರುವಾಯ್ತು!" ಎಂದು ಕೂಗುವಳು. ಆಕೆಯ ಕುಕ್ಕರ್ ಐದಾರು ಸಲ ಕೂಗಿದರೆ ನಾನು, "ರಷ್ಯಾದಲ್ಲಿ ರೈಲು ಬಂತಾ?" ಎನ್ನುವೆ. ನಮ್ಮವರಂತೂ ಆಫೀಸಿನಿಂದ ಬಂದವರೇ ಮೂಗು ಅರಳಿಸಿ, "ಇವತ್ತು ಯಾವ ದೇಶದಲ್ಲಿ ಪಲ್ಯ?" ಎಂದು ಕೇಳುತ್ತಿದ್ದರು.

ಬೇಸಿಗೆ ಶುರುವಾಗುವ ಹೊತ್ತಿಗೆ ಫ್ಲ್ಯಾಟಿನ ಒಡೆಯ ಹೇಳಿಕಳಿಸಿದ. ಕಾಂಟ್ರ್ಯಾಕ್ಟ್ ಮುಂದುವರಿಸುವುದಿಲ್ಲ, ಮಗನಿಗೆ ಮನೆ ಬೇಕು, ಖಲಾಸ್. ತಿಂಗಳ ಕೊನೆಗೆ ಖಾಲಿ ಮಾಡಬೇಕು.

ನಾಲ್ಕು ದಿನವಾಗಿರಬೇಕು. ಬೆಳಗ್ಗೆ ಆಕೆ ತೆಂಗಿನಕಾಯಿ ತುರಿಯುತ್ತ, ತಲೆಯೆತ್ತದೆ ಕೇಳಿದಳು. "ಅಕ್ಕ, ಇವರು ಅಲ್ ಖುವೈರ್‌ನಲ್ಲಿ ಒಂದು ವಿಲ್ಲಾದ ಕೆಳಗಿನ ಭಾಗ ನೋಡಿದ್ದಾರೆ. ಎರಡು ರೂಮುಂಟು. ಬಾಡಿಗೆ ಇದಕ್ಕಿಂತ ಕಡಿಮೆ. ನೀವು ಬರ್ತೀರಾ ನಮ್ಮೊಟ್ಟಿಗೆ?"

ನನ್ನ ಎದೆ ಹಗುರಾಯಿತು. ದೇವರೇ ಬಾಯಿ ತೆರೆದು ಕೇಳಿದ ಹಾಗಾಯಿತು. ಹಾಗಾಗಿ ನಾನು ಹೇಳಿದೆ: "ಅಯ್ಯೋ, ಬೇಡ ಕಣ್ರೀ. ನಿಮಗ್ಯಾಕೆ ಸುಮ್ನೆ ತೊಂದರೆ. ನಾವು ಎಲ್ಲಾದರೂ ನೋಡ್ಕೋತೀವಿ."

"ಹೌದಾ?" ಎಂದು ಆಕೆ ತಲೆಯೆತ್ತಿದಳು. ನಾನು ಮುಗುಳ್ನಕ್ಕೆ. "ಸರಿ ಹಾಗಾದ್ರೆ," ಎಂದು ಮತ್ತೆ ಕಾಯಿ ತುರಿಯತೊಡಗಿದಳು.

ಮೈಸೂರಿನ ಓದುಗರಿಗೆ ನಾನು ವಿವರಿಸಬೇಕಿಲ್ಲ. ನಮ್ಮ ಕಡೆ ಕಾಫಿ ಬೇಕಾ ಎಂದರೆ ಮೊದಲು ಬೇಡ ಎನ್ನುತ್ತೇವೆ. ಸ್ವಲ್ಪವೇ ಸ್ವಲ್ಪ ಎಂದರೆ ಈಗ ತಾನೇ ಆಯಿತು ಎನ್ನುತ್ತೇವೆ. ಮೂರನೇ ಸಲ ಲೋಟವೇ ಕೈಗೆ ಬಂದಾಗ, ನೀವು ಬಿಡೋರಲ್ಲ ಎಂದು ಕುಡಿಯುತ್ತೇವೆ. ನನ್ನ ಅಜ್ಜಿ ಕಲಿಸಿದ್ದು ಅದು. ಸಾಲದ್ದಕ್ಕೆ ಸಿಸ್ಟರ್‌ಗಳು, 'ಐ ವಾಂಟ್' ಎಂದ ಹುಡುಗಿಯನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಎರಡೂ ಕಡೆಯ ಟ್ರೈನಿಂಗ್ ಆದವಳು ನಾನು.

ಎರಡನೇ ಸಲದ ಕೇಳುವಿಕೆಗೆ ಕಾದೆ. ಮಧ್ಯಾಹ್ನ ಆಕೆ ಹುಳಿಪುಡಿ ಕೇಳಿದಳು, ವಿಲ್ಲಾದ ಮಾತಿಲ್ಲ. ಮರುದಿನ ಸಿಂಕಿನ ಬಳಿ ಒಟ್ಟಿಗೆ ಪಾತ್ರೆ ತೊಳೆದೆವು, ಆಗಲೂ ಇಲ್ಲ. ವಾರ ಕಳೆಯುವಷ್ಟರಲ್ಲಿ ನನಗೆ ಒಳಗೊಳಗೇ ಸಿಟ್ಟು ಬಂತು. ಎಂಥ ಜನವಪ್ಪ, ಇನ್ನೊಂದು ಸಲ ಕೇಳುವಷ್ಟೂ ಮ್ಯಾನರ್ಸ್ ಇಲ್ಲ! ಅಡುಗೆಮನೆಯಲ್ಲಿ ತಮಾಷೆಯೂ ಕಮ್ಮಿಯಾಯಿತು. ನಾನು ಊದುಬತ್ತಿ ಹಚ್ಚಿದರೆ ಆಕೆ ಮಾತಾಡದೆ ಕಿಟಕಿ ತೆರೆಯತೊಡಗಿದಳು.

ಆಮೇಲೊಂದು ಸಂಜೆ ನಮ್ಮವರು ಬಂದು ಶೂ ಕೂಡ ಬಿಚ್ಚದೆ ಮಂಚದ ಮೇಲೆ ಕೂತರು.

"ನೀನು ಬೇಡ ಅಂದ್ಯಂತೆ?"

"ಏನು ಬೇಡ ಅಂದೆ?"

"ವಿಲ್ಲಾ ಕಣೇ. ಆತ ಇವತ್ತು ಕ್ಯಾಂಟೀನಲ್ಲಿ ಹೇಳಿದ, ನಿಮ್ಮ ಮನೆಯವರಿಗೆ ಇಷ್ಟ ಇಲ್ಲ ಅಲ್ವಾ ಸಾರ್, ಅದಕ್ಕೆ ಕುಂದಾಪುರದ ಒಂದು ಜೋಡಿಗೆ ಹೇಳಿದ್ದೀನಿ ಅಂತ. ಶುಕ್ರವಾರ ನೋಡೋಕೆ ಬರ್ತಾರಂತೆ."

"ಅಯ್ಯೋ, ನಾನು ಬೇಡ ಅಂದಿದ್ದು ಬೇಡ ಅಂತ ಅಲ್ಲ ರೀ!"

"ಮತ್ತೆ?"

"ಇನ್ನೊಂದು ಸಲ ಕೇಳಲಿ ಅಂತ."

ನಮ್ಮವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದವರು ದಿಂಬು ಮುಖಕ್ಕೆ ಒತ್ತಿಕೊಳ್ಳುವವರೆಗೆ ನಿಲ್ಲಿಸಲಿಲ್ಲ. "ಫ್ರಾನ್ಸಂತೆ ಫ್ರಾನ್ಸು! ನೀನು ಆ ರಷ್ಯಾದ ತಮ್ಮ ಕಣೇ. ಎದೆ ಮೇಲೆ ಕೈಯಿಟ್ಕೊಂಡು ಬೇಡ ಅಂದು, ಫ್ರಿಜ್ ಬಾಗಿಲು ನೋಡ್ತಾ ಕೂತಿದ್ದೀಯ. ಪಾಪ, ಅವರು ಫ್ರೆಂಚರು. ಒಂದು ಸಲ ಕೇಳಿದ್ರು, ನೀನು ಹೇಳಿದ್ದನ್ನ ನಂಬಿದ್ರು."

ನನಗೆ ನಗು ಬರಲಿಲ್ಲ. ಅವರ ನಗುವೂ ಬೇಗ ನಿಂತಿತು. ಫ್ಯಾಮಿಲಿಯನ್ನು ಈ ತಿಂಗಳೊಳಗೆ ಕಳಿಸುವವರಿಗೆ ಕಂಪನಿಯೇ ಒನ್‌ವೇ ಟಿಕೆಟ್ ಕೊಡುತ್ತಿದೆ ಎಂದರು. ನೀವೇ ಆತನ ಹತ್ತಿರ ಮಾತಾಡಿ ಎಂದೆ. "ನಾನು ಹೇಳಿದರೆ ನಾನು ಬಲವಂತ ಮಾಡಿದೆ ಅಂದ್ಕೋತಾರೆ. ಬೇಡ ಅಂದವಳು ನೀನು, ಬೇಕು ಅಂತ ನೀನೇ ಹೇಳು," ಎಂದು ಟವೆಲ್ ಹಿಡಿದು ಸ್ನಾನಕ್ಕೆ ಹೋದರು.

ಬೇಕು. ಎರಡೇ ಅಕ್ಷರ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಇಷ್ಟು ವರ್ಷದಲ್ಲಿ ಅದನ್ನು ಹೊರಗಿನವರಿಗೆ ಯಾವತ್ತಾದರೂ ಹೇಳಿದ್ದೇನೆಯೇ ಎಂದು ಯೋಚಿಸಿದೆ. ತರಕಾರಿಯವನಿಗೆ ಬಿಟ್ಟರೆ ನೆನಪಾಗಲಿಲ್ಲ. ಆಕೆ ಬೆನ್ನು ಹಾಕಿ ನೀರುದೋಸೆ ಹೊಯ್ಯುತ್ತಿದ್ದಳು.

"ವಿಲ್ಲಾ ಚೆನ್ನಾಗಿದ್ಯಂತೆ?" ಎಂದೆ.

"ಹೌದು, ಚೆನ್ನಾಗುಂಟು."

"ಗಾಳಿ ಬೆಳಕು?"

"ಉಂಟು."

"ಸ್ಕೂಲ್ ಬಸ್ಸು ಅಲ್ಲಿಗೆ ಬರುತ್ತೇನೋ, ಏನೋ."

"ಬರ್ತದೆ. ಕೇಳಿಯಾಗಿದೆ." ದೋಸೆ ಮಡಚಿ ತಟ್ಟೆಗೆ ಹಾಕಿದಳು. ನಾನು ಎಸೆದ ಗಾಳಕ್ಕೆಲ್ಲ ನೇರವಾದ ಉತ್ತರ ಬಂತು, ಒಂದಕ್ಕೂ ಮೀನು ಬೀಳಲಿಲ್ಲ.

"ನಮಗೆ ಬೇಕು ರೀ," ಎಂದೆ. ನನ್ನ ದನಿ ಸಿಸ್ಟರ್ ಮುಂದೆ ನಿಂತ ಹುಡುಗಿಯದಾಗಿತ್ತು. "ಆ ರೂಮು ನಮಗೆ ಬೇಕು. ನನಗೆ ಊರಿಗೆ ಹೋಗೋಕೆ ಇಷ್ಟ ಇಲ್ಲ. ಇವರನ್ನ ಬಿಟ್ಟು ಇರೋಕೆ ನನಗಾಗಲ್ಲ. ನಿಮ್ಮ ಜೊತೆ ಬರ್ತೀವಿ."

ಆಕೆ ಒಲೆ ಸಣ್ಣ ಮಾಡಿ ತಿರುಗಿದಳು. "ಮೊನ್ನೆ ಬೇಡ ಅಂದ್ರಲ್ಲ?"

"ಅಂದೆ."

"ಸುಮ್ನೆ ಅಂದದ್ದಾ?"

"ಸುಮ್ನೆ ಅಲ್ಲ. ಮರ್ಯಾದೆಗೆ."

"ಯಾರ ಮರ್ಯಾದೆಗೆ ಮಾರಾಯ್ರೆ?"

ಆಕೆ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಒರೆಸಿದ್ದು ಬೆವರನ್ನು ಮಾತ್ರ ಅಲ್ಲವೆಂದು ಆಮೇಲೆ ತಿಳಿಯಿತು. "ನಾನು ಎಣಿಸಿದ್ದು, ಮೀನಿನ ವಾಸನೆ ನಿಮಗೆ ಸಾಕಾಯ್ತು ಅಂತ. ದಿನಾ ಊದುಬತ್ತಿ ಹಚ್ತಿದ್ರಿ. ತಮಾಷೆಗೆ ಅಂತ ಎಣಿಸಿದ್ದೆ ಮೊದಲು. ನೀವು ಬೇಡ ಅಂದ ಮೇಲೆ, ಓ, ತಮಾಷೆ ಅಲ್ಲ ಇದು ಅಂತ ಕಂಡಿತು. ಇವರ ಹತ್ರ ಹೇಳಿ ಅತ್ತಿದ್ದೇನೆ ಗೊತ್ತುಂಟಾ?"

"ವಾಸನೆ ಇದೆ ರೀ," ಎಂದೆ. ಅಂದು ನಿಜ ಹೇಳುವ ಚಾಳಿ ಹತ್ತಿಬಿಟ್ಟಿತ್ತು. "ಆದರೆ ನೀವಿಲ್ಲದ ಅಡುಗೆಮನೆ ನನಗೆ ಬೇಡ. ಇದು ನಿಜವಾದ ಬೇಡ."

ಆಕೆ ನಕ್ಕಳು. ಕುಂದಾಪುರದವರಿಗೆ ಮಾತು ಕೊಟ್ಟಿಲ್ಲ, ಬಂದು ನೋಡಿ ಎಂದದ್ದಷ್ಟೇ, ಬರಬೇಡಿ ಎಂದು ಈಗಲೇ ಹೇಳಿದರಾಯಿತು ಎಂದಳು. ಹಾಗೆಂದವಳೇ ಹಾಲಿಗೆ ಹೋಗಿ ಫೋನ್ ತಿರುಗಿಸಿದಳು. ನಾನಾಗಿದ್ದರೆ ಹವಾಮಾನದಿಂದ ಶುರುಮಾಡಿ, ಅತ್ತೆಯ ಮಂಡಿನೋವು ವಿಚಾರಿಸಿ, ಅರ್ಧ ಗಂಟೆಯಾದರೂ ತೆಗೆದುಕೊಳ್ಳುತ್ತಿದ್ದೆ. ಆಕೆ, "ರೂಮಿಗೆ ನಮ್ಮ ಅಕ್ಕನವರೇ ಬರ್ತಾರೆ, ನೀವು ಬೇರೆ ಕಡೆ ನೋಡಿ ಆಯ್ತಾ," ಎಂದು ಇಟ್ಟುಬಿಟ್ಟಳು. ಆ ಕಡೆಯವರೂ ಆಯ್ತು ಎಂದರಂತೆ. ಬೇಜಾರೂ ಇಲ್ಲ, ಏನೂ ಇಲ್ಲ. ನನಗೆ ಆಶ್ಚರ್ಯವೋ ಆಶ್ಚರ್ಯ.

ಆ ವಿಲ್ಲಾದಲ್ಲಿ ಎರಡು ವರ್ಷಕ್ಕೂ ಮೇಲೆ ಇದ್ದೆವು. ಆಕೆಯ ಕಸಿನ್‌ಗಳಿಗೆ ಉಪ್ಪಿಟ್ಟು ಬಡಿಸುವಾಗ ನಾನು ಬಲವಂತ ಮಾಡಿ ಮಾಡಿ ಇಕ್ಕುತ್ತಿದ್ದೆ. ಅವರು ಸಾಕು ಎಂದರೆ ಸಾಕೇ ಎಂದು ನಂಬಲು ನನಗೆ ಕೊನೆಯವರೆಗೂ ಆಗಲಿಲ್ಲ. ಆಕೆಯಂತೂ ನನ್ನನ್ನು ಏನಾದರೂ ಕೇಳಿ, "ಇದು ಮೈಸೂರು ಬೇಡವಾ, ನಿಜವಾದ ಬೇಡವಾ?" ಎಂದು ತಗಾದೆ ಮಾಡುವಳು.

ಎಣ್ಣೆಯ ಬೆಲೆ ಚೇತರಿಸಿಕೊಂಡಿತು. ಒಂದು ದಿನ ನಮ್ಮವರು ಪೂರ್ತಿ ಅಲೋವೆನ್ಸ್ ವಾಪಸು ಬಂತೆಂದು ಸ್ವೀಟ್ಸ್ ತಂದರು. ನಮಗೆ ಖುರುಮ್ ಕಡೆ ಒಂದು ಇಡೀ ಫ್ಲ್ಯಾಟು, ಅವರಿಗೆ ರೂವಿಯಲ್ಲಿ ಒಂದು ಇಡೀ ಫ್ಲ್ಯಾಟು. ಎಲ್ಲರೂ ಸಂತೋಷಪಡಬೇಕಾದ ವಿಷಯ. ಎಲ್ಲರೂ ಪಟ್ಟೆವು.

ಹೊಸ ಮನೆಯಲ್ಲಿ ಮೊದಲ ಬೆಳಗ್ಗೆ ಇವರನ್ನು ಆಫೀಸಿಗೆ, ಮಗಳನ್ನು ಸ್ಕೂಲಿಗೆ ಕಳಿಸಿ ಅಡುಗೆಮನೆಯಲ್ಲಿ ನಿಂತೆ. ದೊಡ್ಡ ಅಡುಗೆಮನೆ. ಎಲ್ಲೆಂದರಲ್ಲಿ ನನ್ನದೇ ಡಬ್ಬಿಗಳು. ಹೊಸ ಪೇಂಟಿನ ವಾಸನೆ ಬಿಟ್ಟರೆ ಬೇರೆ ಯಾವ ವಾಸನೆಯೂ ಇಲ್ಲ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಅಕ್ಕ, ಬೇಜಾರುಂಟಾ?" ಎಂದಳು ಆಕೆ.

"ತುಂಬಾ," ಎಂದೆ.

"ಬರ್ಲಾ?"

"ಬನ್ನಿ," ಎಂದೆ.