ಮುಂದೆ ಬಂದ ಒಲೆ

ಬಳ್ಳಾರಿಯ ಒಂದು ಟಾಕೀಸಿನಲ್ಲಿ ನಾನು ಆಪರೇಟರ್ ಆಗಿದ್ದೆ. ಎಂಬತ್ತರ ದಶಕದ ನಡುವೆ, ಕನ್ನಡಕ ಹಾಕಿಕೊಂಡು ನೋಡುವ ತ್ರೀಡಿ ಸಿನಿಮಾ ಬಂದಾಗ ಸಿರುಗುಪ್ಪ, ಕುರುಗೋಡಿನ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಪರದೆಯಿಂದ ಭರ್ಜಿ ನುಗ್ಗಿ ಬಂದರೆ ಜನ ತಲೆ ತಗ್ಗಿಸಿ, ಆಮೇಲೆ ಶಿಳ್ಳೆ ಹೊಡೆಯುತ್ತಿದ್ದರು. ನನಗೆ ಅದೆಲ್ಲ ಬರೀ ಗದ್ದಲ.

ನಾನು ಮೆಚ್ಚಿದ್ದು ಮೂರನೇ ರೀಲನ್ನು. ಅದರಲ್ಲಿ ಒಬ್ಬ ಮುದುಕಿ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಾಳೆ. ಅವಳ ಹಿಂದೆ ಬಾಗಿಲು, ಬಾಗಿಲಾಚೆ ಅಡುಗೆಮನೆ, ಅಲ್ಲಿ ಒಲೆ. ಏನೂ ಹಾರಿ ಬರುವುದಿಲ್ಲ. ಆದರೆ ಮೊರದಿಂದ ಒಲೆಗೆ ಎಷ್ಟು ಹೆಜ್ಜೆ ಎಂದು ಕೂತಲ್ಲೇ ಹೇಳಬಹುದಿತ್ತು. ಸರಿಯಾಗಿ ಅದೇ ಹೊತ್ತಿಗೆ ಜನ ಮಿರ್ಚಿ ತಿನ್ನಲು ಎದ್ದು ಹೋಗುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ!

ನನ್ನ ಹೆಂಡತಿ ಕುರುಗೋಡಿನವಳು, ಮದುವೆಯಾಗಿ ಆರು ತಿಂಗಳು. "ನಿಮ್ದೇನ್ರಿ ಕೆಲಸ, ಗಾಲಿ ತಿರುಗ್ತಾವ, ನೀವು ನೋಡ್ತೀರಿ" ಎನ್ನುತ್ತಿದ್ದಳು. ಅದು ನನ್ನನ್ನು ಚುಚ್ಚುತ್ತಿತ್ತು. ಆ ಮುದುಕಿಯ ಮನೆ ತೋರಿಸಿ ಅವಳ ಬಾಯಿ ಮುಚ್ಚಿಸಬೇಕೆಂದು ಒಂದು ಭಾನುವಾರ ಮ್ಯಾಟಿನಿಗೆ ಕರೆದೆ.

ಅಂದೇ ಮೂರನೇ ರೀಲು ಶುರುವಾಗುತ್ತಲೇ ಫಿಲಂ ತುಂಡಾಯಿತು. ಕೆಳಗೆ ಕೂಗಾಟ. ಗಡಿಬಿಡಿಯಲ್ಲಿ ಕತ್ತರಿಸಿ, ಅಂಟಿಸಿ ಓಡಿಸಿದೆ. ಚಿತ್ರ ಪರದೆಯಲ್ಲಿ ತುಸು ಮೇಲಕ್ಕೆ ಸರಿದಿತ್ತು. ಗುಂಡಿ ತಿರುಗಿಸಿ ಸರಿಯಾಗಿ ಕೂರಿಸಿದೆ. ಜನ ಚಪ್ಪಾಳೆ ತಟ್ಟಿದರು. ನನ್ನಂಥ ಆಪರೇಟರ್ ಜಿಲ್ಲೆಯಲ್ಲೇ ಇಲ್ಲ ಅಂದುಕೊಂಡೆ.

ಆಟ ಬಿಟ್ಟ ಮೇಲೆ ಕೇಳಿದೆ: "ಮುದುಕಿ ಮನಿ ಹೆಂಗಿತ್ತು?"

"ಹಿಂದಿನ ಒಲಿ ಮುಂದ ಬಂದಿತ್ತು, ಮುಂದ ಕುಂತಾಕಿ ಗ್ವಾಡಿಯಾಗ ಹೋಗಿದ್ಲು. ಅದು ಹಂಗಾ ಇರ್ತೈತೇನ್ರಿ?"

"ನಿನ್ನ ಕಣ್ಣಾಗ ಐತಿ ದೋಷ" ಎಂದು ರೇಗಿದೆ.

ಸಂಜೆಯ ಆಟಕ್ಕೆ ನಾನೇ ಕನ್ನಡಕ ಹಾಕಿಕೊಂಡು ಕಿಂಡಿಯಿಂದ ನೋಡಿದೆ. ಅವಳು ಹೇಳಿದ್ದೇ ನಿಜ. ಆ ಫಿಲಂನ ಒಂದೊಂದು ಚೌಕಟ್ಟಿನಲ್ಲೂ ಎರಡು ಚಿತ್ರ: ಎಡಗಣ್ಣಿಗೆ ಮೇಲಿನದು, ಬಲಗಣ್ಣಿಗೆ ಕೆಳಗಿನದು. ಅವಸರದಲ್ಲಿ ನಾನು ಅರ್ಧ ಚೌಕಟ್ಟು ಹೆಚ್ಚು ಕತ್ತರಿಸಿದ್ದೆ. ಎಡಗಣ್ಣಿನದು ಬಲಗಣ್ಣಿಗೆ, ಬಲಗಣ್ಣಿನದು ಎಡಗಣ್ಣಿಗೆ ಹೋಗಿ, ದೂರದ್ದು ಹತ್ತಿರ, ಹತ್ತಿರದ್ದು ದೂರ ಕಾಣುತ್ತಿತ್ತು. ಟಾಕೀಸು ತುಂಬ ಇದ್ದ ಜನರಲ್ಲಿ ಕೇಳಿದವಳು ಇವಳೊಬ್ಬಳೇ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅವಳ ಬಗ್ಗೆ ಹೆಮ್ಮೆಯಾಯಿತು.

ಮನೆಗೆ ಹೋಗಿ "ತಪ್ಪು ನಂದಾ" ಎಂದು ಒಪ್ಪಿಕೊಂಡೆ. ಮರುದಿನ ಉಳಿದರ್ಧವನ್ನೂ ಕತ್ತರಿಸಿ, ನೆಟ್ಟಗೆ ಅಂಟಿಸಿ, ಮುಂದಿನ ಭಾನುವಾರ ಮತ್ತೆ ಕರೆದೆ. ಆಟ ಬಿಟ್ಟ ಮೇಲೆ ಅವಳು ಕನ್ನಡಕ ನನ್ನ ಕೈಗಿಟ್ಟಳು.

"ಅಕಿ ಬಾಜೂಕ ಹೋಗಿ ಕುಂತು, ನಾನೂ ಅಕ್ಕ್ಯಾಗಿನ ನಾಕು ಹಳ್ಳು ಆರಿಸಬೇಕು ಅನಸ್ತು ನೋಡ್ರಿ" ಎಂದಳು.