ಉಳಿದ ಎಂಟು ನಿಮಿಷ

ಹಾಲ್ಬರ್ಗ್ ಕಾಲೇಜಿನ ಅಮೆರಿಕನ್ ಫುಟ್ಬಾಲ್ ತಂಡ ಸೋತರೆ ಆ ಊರಿನಲ್ಲಿ ಯಾರೂ ಸುದ್ದಿ ಹೇಳುತ್ತಿರಲಿಲ್ಲ. ಗೆದ್ದರೆ ಹೇಳುತ್ತಿದ್ದರು. ಹೇಳದೆ ಎರಡು ವರ್ಷವಾಗಿತ್ತು.

ಅರ್ಡಿತ್ ವೊಸಿಕಾ ಆ ಕಾಲೇಜಿನಲ್ಲಿ ಓದಿದವಳಲ್ಲ. ಎಂಟನೆಯ ತರಗತಿಗೆ ಪುಸ್ತಕ ಕೆಳಗಿಟ್ಟವಳು. ಮೂವತ್ತು ವರ್ಷ ಊರ ಶಾಲೆಯ ಅಡುಗೆಮನೆಯಲ್ಲಿ ಹಿಟ್ಟು ನಾದಿದಳು. ಅವಳ ಗಂಡ ಡೆಲ್ಮರ್ ಕೂಡ ಅಲ್ಲಿ ಓದಿದವನಲ್ಲ. ಸುತ್ತಲ ಜೋಳದ ಹೊಲಗಳ ನಡುವಿನ ಮಣ್ಣುರಸ್ತೆಗಳನ್ನು ಮಟ್ಟ ಮಾಡುವ ಯಂತ್ರ ಓಡಿಸುತ್ತಿದ್ದ. ಆದರೆ ಕಾಲೇಜಿನ ಮೈದಾನಕ್ಕೆ ಗ್ಯಾಲರಿ ಕಟ್ಟುವಾಗ ಕಾಂಕ್ರೀಟು ಸುರಿದ ಗುಂಪಿನಲ್ಲಿ ಹತ್ತೊಂಬತ್ತರ ಹುಡುಗನಾಗಿ ಅವನೂ ಇದ್ದ. ಹದಿನಾಲ್ಕನೆಯ ಸಾಲನ್ನು ಕರಣೆ ಹಿಡಿದು ನಯ ಮಾಡಿದ್ದು ತಾನೇ ಎನ್ನುತ್ತಿದ್ದ. ಮದುವೆಯಾದ ವರ್ಷ ಅದೇ ಸಾಲಿನಲ್ಲಿ ಎರಡು ಸೀಟು ಹಿಡಿದ. ಏಳು, ಎಂಟು. ಆಮೇಲೆ ನಲವತ್ತೊಂದು ವರ್ಷ ಅವೇ ಸೀಟು.

ಮೊದಲ ವರ್ಷ ಅವಳಿಗೆ ಆಟವೇ ತಿಳಿಯಲಿಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಓಡುತ್ತಾನೆ, ಹನ್ನೊಂದು ಜನ ಅವನ ಮೇಲೆ ಬೀಳುತ್ತಾರೆ, ಅಷ್ಟೇ ಕಂಡಿತು. ಹತ್ತನೆಯ ವರ್ಷದ ಹೊತ್ತಿಗೆ ಕೋಚಿಗಿಂತ ತನಗೇ ಹೆಚ್ಚು ತಿಳಿದಿದೆ ಅನ್ನಿಸಿತು. ಆ ಊರಿನಲ್ಲಿ ಎಲ್ಲರಿಗೂ ಹಾಗೇ ಅನ್ನಿಸುತ್ತಿತ್ತು.

ತಂಡದ ಗುರುತು ಕೊಕ್ಕರೆ. ಹುಡುಗರ ಅಂಗಿಯ ಮೇಲೆಲ್ಲ ಕೊಕ್ಕರೆ. ಇವರ ಹಿಂದಿನ ಸೀಟಿನ ಲೊಯೆಲ್ ಟೈಶ್ ಅದನ್ನೇ ಹಿಡಿದು ಆಡಿಕೊಳ್ಳುತ್ತಿದ್ದ. ಅವನು ಊರಿಗೆ ಕಾಗದ ಹಂಚುತ್ತಿದ್ದ ಅಂಚೆಯವನು. ಗಂಟಲು ದೊಡ್ಡದು.

"ಒಂಟಿಕಾಲಲ್ಲಿ ನಿಂತು ಮೀನು ಕಾಯ್ತಿದೀರೇನ್ರೋ! ಓಡ್ರೋ!"

ಅವನ ಹತ್ತಿರ ಒಂದು ನೀಲಿ ತಿಂಡಿಪೆಟ್ಟಿಗೆ ಇತ್ತು. ಅದರಲ್ಲಿ ಬೀನ್ಸು ಮಾಂಸ ಹಾಕಿ ಕುದಿಸಿದ ಖಾರದ ಸಾರು, ದಾಲ್ಚಿನ್ನಿ ಹಾಕಿದ ಸುರುಳಿ ಬನ್ನು. ಡೆಲ್ಮರ್ ಏನನ್ನೋ ನೋಡಲು ಎದ್ದು ನಿಂತರೆ ಸಾಕು, ಲೊಯೆಲ್ ಆ ಪೆಟ್ಟಿಗೆಯನ್ನು ಮುಂದಕ್ಕೆ ಚಾಚಿ ಡೆಲ್ಮರನ ಸೀಟಿನ ಮೇಲೆ ಇಡುತ್ತಿದ್ದ. ಡೆಲ್ಮರ್ ಕೂರುವಾಗ ಅದರ ಮೇಲೇ ಕೂರುತ್ತಿದ್ದ.

"ತೆಗಿಯೋ ನಿನ್ನ ಹೆಣದ ಪೆಟ್ಟಿಗೇನ!"

"ನೀನು ಕೂರೋ ಮುಂಚೆ ನೋಡೋದು ಕಲ್ತ್ಕೋ. ನಿನ್ನ ಟೀಮಿನ ಹುಡುಗರ ಹಾಗೇ ನೀನೂ ಕುರುಡ."

ನಲವತ್ತೊಂದು ವರ್ಷ ಇದೇ ಜಗಳ. ಇಬ್ಬರಿಗೂ ಬೇಸರ ಬಂದಿರಲಿಲ್ಲ.

ಡೆಲ್ಮರನದು ಒಂದೇ ಕಟ್ಟಳೆ. ಆಟದ ಗಡಿಯಾರ ಸೊನ್ನೆಗೆ ಇಳಿಯುವ ತನಕ ಎದ್ದು ಹೋಗಬಾರದು. ಹಿಮ ಬಿದ್ದಾಗ ಎದ್ದಿಲ್ಲ. ಐವತ್ತೆರಡು ಅಂಕ ಹಿಂದೆ ಬಿದ್ದಾಗ ಎದ್ದಿಲ್ಲ. ಒಮ್ಮೆ ಆಟದ ನಡುವೆ ಅರ್ಡಿತ್‌ಗೆ ಹೆರಿಗೆ ನೋವು ಶುರುವಾಯಿತು. ಅವಳು ಅವನ ತೋಳು ಹಿಡಿದಳು. ಅವನು ಗಡಿಯಾರ ನೋಡಿದ, ಅವಳ ಮುಖ ನೋಡಿದ. "ತಡಿಯೋಕಾಗುತ್ತಾ?" ಎಂದು ಕೇಳಿದ. ಆಗುತ್ತೆ ಎಂದಳು. ಮಗಳು ಹುಟ್ಟಿದ್ದು ಸಂಜೆ ಏಳಕ್ಕೆ. ತಂಡ ಮೂರು ಅಂಕದಿಂದ ಸೋತಿತ್ತು. ಆ ಮಾತನ್ನು ಅವಳು ಅವನ ಬಾಯಿ ಮುಚ್ಚಿಸಲು ಜೀವಮಾನವಿಡೀ ಬಳಸಿದಳು.

ಅಂಥವನು ಕಳೆದ ಅಕ್ಟೋಬರಿನ ಒಂದು ಶನಿವಾರ ಎದ್ದ.

ಎದುರಾಳಿಗಳು ಮೂವತ್ತೆಂಟು, ಇವರು ಸೊನ್ನೆ. ಅಕ್ಕಪಕ್ಕದವರು ಆಟ ಬಿಟ್ಟು ಹವಾಮಾನದ ಮಾತಾಡುತ್ತಿದ್ದರು. ಡೆಲ್ಮರ್ ಬಹಳ ಹೊತ್ತಿನಿಂದ ಏನೂ ಮಾತಾಡಿರಲಿಲ್ಲ.

"ಅರ್ಡಿ, ಹೋಗೋಣ್ವಾ?"

"ಎಲ್ಲಿಗೆ?"

"ಮನೆಗೆ."

ಅವಳು ಗಡಿಯಾರ ನೋಡಿದಳು. ಇನ್ನೂ ಎಂಟು ನಿಮಿಷ ಇತ್ತು. ಅವನನ್ನು ನೋಡಿದಳು. ಚಳಿಗಾಳಿ ಬೀಸುತ್ತಿತ್ತು, ಅವನ ಹಣೆಯ ಮೇಲೆ ಬೆವರಿತ್ತು. ಸಿಟ್ಟಿಗೆ ಬೆವರಿದಾನೆ ಅಂದುಕೊಂಡಳು. ನಲವತ್ತೊಂದು ವರ್ಷ ತಡೆದಿಟ್ಟ ಸಿಟ್ಟು ಇವತ್ತು ಹೊರಗೆ ಬಂತು ಅಂದುಕೊಂಡಳು.

"ಅಂತೂ ಇವತ್ತು ಬುದ್ಧಿ ಬಂತು ನಿಂಗೆ," ಎಂದು ನಕ್ಕಳು.

ಹಿಂದಿನಿಂದ ಲೊಯೆಲ್ ಎದ್ದು ನಿಂತ.

"ನೋಡ್ರಪ್ಪೋ! ಡೆಲ್ಮರ್ ವೊಸಿಕಾ ಎದ್ದ! ಕೋಚಪ್ಪಾ, ಇನ್ನು ಅಂಗಡಿ ಮುಚ್ಚು! ಡೆಲ್ಮರೇ ಕೈ ಬಿಟ್ಟ!"

ಸಾಲು ಸಾಲೇ ತಿರುಗಿತು. ಯಾರೋ ಚಪ್ಪಾಳೆ ತಟ್ಟಿದರು. ಯಾರೋ ಸಿಳ್ಳೆ ಹಾಕಿದರು. ಡೆಲ್ಮರ್ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ತಾನೂ ಕಾಂಕ್ರೀಟು ಸುರಿದ ಮೆಟ್ಟಿಲು.

"ಹೇಡಿ ಕಣೋ ನೀನು! ಹೋಗು, ಹೋಗಿ ಹೆಂಡತಿ ಜೊತೆ ಹೊಲಿಗೆ ಹಾಕು!" ಲೊಯೆಲ್ ಕೂಗುತ್ತಲೇ ಇದ್ದ. ಇಡೀ ಗ್ಯಾಲರಿ ನಗುತ್ತಿತ್ತು. ಆ ಮಧ್ಯಾಹ್ನ ಅವರಿಗೆ ನಗಲು ಬೇರೇನೂ ಸಿಕ್ಕಿರಲಿಲ್ಲ. ಡೆಲ್ಮರ್ ತಿರುಗಲಿಲ್ಲ. ಕೈ ಮಾತ್ರ ಎತ್ತಿ ಬೀಸಿದ.

ಕಾರಿನ ಹತ್ತಿರ ಬಂದು ಬೀಗದ ಕೈ ಅವಳಿಗೆ ಕೊಟ್ಟ. ಯಾವತ್ತೂ ಕೊಟ್ಟವನಲ್ಲ. ಅದನ್ನೂ ಅವಳು ಮುನಿಸು ಅಂದುಕೊಂಡಳು. ಮೈದಾನದ ಗೇಟು ದಾಟಿದರೆ ಎಡಕ್ಕೆ ಎರಡು ಬೀದಿ ಆಚೆ ಆಸ್ಪತ್ರೆ. ಬಲಕ್ಕೆ ಮನೆ. ಅವಳು ಬಲಕ್ಕೆ ತಿರುಗಿಸಿದಳು.

ದಾರಿಯಲ್ಲಿ ಅವನು ಒಂದೇ ಮಾತು ಆಡಿದ. ನಗುತ್ತಲೇ ಆಡಿದ.

"ಲೊಯೆಲ್‌ಗೆ ಇನ್ನು ಹತ್ತು ವರ್ಷಕ್ಕಾಗೋಷ್ಟು ಸಿಕ್ತು ಆಡ್ಕೊಳ್ಳೋಕೆ. ನಾನಿಲ್ಲ ಅಂತ ನನ್ನ ಸೀಟಲ್ಲಿ ಆ ಪೆಟ್ಟಿಗೆ ಇಟ್ಟಿರ್ತಾನೆ ನೋಡು. ಶನಿವಾರ ಬರ್ತೀನಿ, ತೆಗೆದಿಡು ಅಂತ ಹೇಳು."

ಮನೆಗೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ. ಐದು ಗಂಟೆಗೆ ಅವಳು ಕಾಫಿ ತಂದಾಗ ಕೂತಲ್ಲೇ ಉಸಿರು ನಿಂತಿತ್ತು.

ಡಾಕ್ಟರು ಒಳ್ಳೆಯವನು. ಹೃದಯಾಘಾತ ಎಂದ. ಮೊದಲು ಬೆವರಿದ್ರಾ ಎಂದು ಕೇಳಿದ. ಹೌದು ಎಂದಳು. ನೀವೇನು ಅಂದುಕೊಂಡ್ರಿ ಎಂದು ಕೇಳಿದ.

"ಸೋಲ್ತಿದಾರಲ್ಲ, ಅದಕ್ಕೆ ಅಂದ್ಕೊಂಡೆ," ಎಂದಳು.

ಡಾಕ್ಟರು ಆ ಊರಿನವನೇ. ತಲೆಯಾಡಿಸಿದ. ಮತ್ತೆ ಕೇಳಲಿಲ್ಲ.

ಲೊಯೆಲ್ ಮಣ್ಣಿಗೆ ಬಂದ, ಆದರೆ ಚರ್ಚಿನೊಳಗೆ ಬರಲಿಲ್ಲ. ಆಚೆ ಬೀದಿಯ ಮರದ ಕೆಳಗೆ ಟೋಪಿ ತೆಗೆದು ನಿಂತಿದ್ದ. ಮರುದಿನ ಅವಳ ಬಾಗಿಲಲ್ಲಿ, ಸಾವಿನ ಮನೆಗೆ ಕೊಡುವ ಹಾಗೆ, ಒಂದು ಇಡೀ ಹಂದಿತೊಡೆಯ ಹ್ಯಾಮ್ ಇತ್ತು. ಚೀಟಿ ಇರಲಿಲ್ಲ. ಲೊಯೆಲ್ ಅಂಚೆ ಇಡುವ ಹಾಗೆ ಇಟ್ಟು ಹೋಗಿದ್ದ. ಆಮೇಲೆ ಅಂಗಡಿಯಲ್ಲಿ ಅವಳು ಎದುರಾದರೆ ಬೇರೆ ಸಾಲಿಗೆ ತಿರುಗುತ್ತಿದ್ದ. ಒಂದು ಸಲ ಸಾಮಾನಿನ ಖಾಲಿ ತಳ್ಳುಗಾಡಿ ಅಲ್ಲೇ ಬಿಟ್ಟು ಹೊರಗೆ ಹೋದ.

ಅವಳು ಕರೆದು ಹೇಳಬಹುದಿತ್ತು. ಅವನು ಸಿಟ್ಟಾಗಿರಲಿಲ್ಲ ಕಣೋ, ನಕ್ಕ, ನಿನ್ನ ಪೆಟ್ಟಿಗೆಯ ಮಾತಾಡಿದ ಎಂದು. ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಬಲಕ್ಕೆ ತಿರುಗಿಸಿದ್ದು ಅವಳು. ಬುದ್ಧಿ ಬಂತು ಎಂದು ನಕ್ಕವಳು ಅವಳು. ಆ ಭಾರವನ್ನು ತಾನೊಬ್ಬಳೇ ಯಾಕೆ ಹೊರಬೇಕು, ಅವನೂ ಸ್ವಲ್ಪ ಹೊರಲಿ ಅನ್ನಿಸಿತು. ಹೊರಲಿ ಅಂದುಕೊಂಡು ಚಳಿಗಾಲ ಕಳೆದಳು, ವಸಂತ ಕಳೆದಳು. ಅವನು ಹೊತ್ತದ್ದರಿಂದ ಅವಳದು ಹಗುರಾಗಲಿಲ್ಲ.

ಬೇಸಗೆಯಲ್ಲಿ ಕಾಲೇಜಿನಿಂದ ಫೋನು ಬಂತು. ಚಿಕ್ಕ ಹುಡುಗಿಯ ದನಿ.

"ಡೆಲ್ಮರ್ ಅವರಿದಾರಾ? ಈ ವರ್ಷದ ಸೀಟಿನ ವಿಷಯ."

"ಇಲ್ಲ."

"ಯಾವಾಗ ಸಿಗ್ತಾರೆ?"

"ಸಿಗಲ್ಲ ಮಗಾ. ತೀರ್ಕೊಂಡ್ರು."

ಹುಡುಗಿ ತಡವರಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಹಾಗಾದ್ರೆ ಒಂದೇ ಸೀಟು ಸಾಕಾ ನಿಮಗೆ?"

"ಎರಡೂ ಬೇಕು."

ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ. ಫೋನು ಇಟ್ಟ ಮೇಲೆ ಗೊತ್ತಾಯಿತು. ಅವನು ಕೂರದೆ ಬಿಟ್ಟ ಎಂಟು ನಿಮಿಷ ಇದೆ. ಅದನ್ನು ಯಾರಾದರೂ ಕೂತು ಮುಗಿಸಬೇಕು.

ಸೆಪ್ಟೆಂಬರಿನ ಮೊದಲ ಪಂದ್ಯಕ್ಕೆ ಹೋದಳು. ಅವನ ಉಣ್ಣೆ ಕಂಬಳಿ ಒಯ್ದಳು. ಏಳನೆಯ ಸೀಟಿನಲ್ಲಿ ಕೂತು ಎಂಟರ ಮೇಲೆ ಕಂಬಳಿ ಇಟ್ಟಳು. ಹಿಂದಿನ ಸೀಟು ಖಾಲಿ. ಲೊಯೆಲ್ ತುಂಬ ಕೆಳಗೆ, ಕಂಬಿಯ ಹತ್ತಿರ, ಪರಿಚಯವಿಲ್ಲದವರ ನಡುವೆ ಕೂತಿದ್ದ. ನೀಲಿ ಪೆಟ್ಟಿಗೆ ತೊಡೆಯ ಮೇಲಿತ್ತು. ಅವನು ಕೂಗುತ್ತಿರಲಿಲ್ಲ. ಅವನು ಕೂಗದ ಗ್ಯಾಲರಿ ಬೇರೆ ಯಾರದೋ ಊರಿನ ಹಾಗಿತ್ತು.

ಹುಡುಗರು ಕಳೆದ ವರ್ಷದ ಹಾಗೇ ಆಡಿದರು. ಚೆಂಡು ಕೈಗೆ ಬಂದರೆ ಬಿಟ್ಟರು. ಬಿಟ್ಟದ್ದನ್ನು ಎತ್ತಲು ಹೋಗಿ ತಮ್ಮವರಿಗೇ ಡಿಕ್ಕಿ ಹೊಡೆದರು. ಒಂದು ಸಲ ಮಾತ್ರ, ಸಣಕಲ ಹುಡುಗನೊಬ್ಬ ಅರ್ಧ ಮೈದಾನ ಓಡಿದ. ಎಲ್ಲರೂ ಎದ್ದರು. ಅರ್ಡಿತ್ ಎದ್ದು ಪಕ್ಕಕ್ಕೆ ಕೈ ಚಾಚಿದಳು. ಕಂಬಳಿ ಸಿಕ್ಕಿತು. ಹುಡುಗ ಗೆರೆ ಮುಟ್ಟುವ ಮೊದಲೇ ಬಿದ್ದ.

ಎಂಟು ನಿಮಿಷ ಉಳಿದಾಗ ನಲವತ್ತೊಂದು, ಆರು. ಆರು ಇವರದು.

ಜನ ಏಳತೊಡಗಿದರು. ಬಾಯಿ ಬಿಟ್ಟು ಬೈದರು, ಕೋಚನ್ನು ಬೈದರು, ತಮ್ಮನ್ನೇ ಬೈದುಕೊಂಡರು. "ಮುಂದಿನ ವಾರ ಬಂದ್ರೆ ನನ್ನ ಹೆಸರಿಂದ ಕರೀಬೇಡ," ಎಂದು ಒಬ್ಬ ಹೆಂಡತಿಗೆ ಹೇಳಿದ. "ಹೋದ ವರ್ಷಾನೇ ಕರೆಯೋದು ಬಿಟ್ಟಿದೀನಿ," ಎಂದಳು ಅವಳು. ದಾಟಿ ಹೋಗುವಾಗ ಅರ್ಡಿತ್‌ನ ಭುಜ ಮುಟ್ಟಿದಳು. "ಮುಗೀತು ಬನ್ನಿ ಅಮ್ಮ, ಚಳಿ."

"ಮುಗಿದಿಲ್ಲ. ಗಡಿಯಾರ ನೋಡು."

ಆ ಗಡಿಯಾರದ ಎಂಟು ನಿಮಿಷ ಅಂದರೆ ಮನುಷ್ಯರ ಅರ್ಧ ಗಂಟೆ. ನಿಲ್ಲಿಸುತ್ತಾರೆ, ಓಡಿಸುತ್ತಾರೆ, ಮತ್ತೆ ನಿಲ್ಲಿಸುತ್ತಾರೆ. ಮೊದಲ ಎರಡು ನಿಮಿಷ ಅವಳು ತಡೆದುಕೊಂಡಳು. ಮೂರನೆಯದರಲ್ಲಿ ಅವನು ಕಂಬಿ ಹಿಡಿದು ಇಳಿದದ್ದು ಕಣ್ಣಿಗೆ ಬಂತು. ಅವನ ಬೆನ್ನು, ಎತ್ತಿದ ಕೈ. ಆ ಎಂಟು ನಿಮಿಷವೂ ಅವನು ಬದುಕಿದ್ದ. ಬೇಲಿಯ ಆಚೆ ಕಾರಿನಲ್ಲಿ, ಅವಳ ಪಕ್ಕದಲ್ಲಿ. ಇಲ್ಲಿ ಕೂತಿದ್ದರೆ ಯಾರಾದರೂ ಗುರುತಿಸುತ್ತಿದ್ದರೇನೋ. ಕೆಳಗೆ ಗಾಯದ ಹುಡುಗರನ್ನು ನೋಡುವ ಡಾಕ್ಟರು ಇರುತ್ತಾನೆ. ಇಷ್ಟು ದಿನ ಅದು ಹೊಳೆದಿರಲಿಲ್ಲ. ಈಗ ಹೊಳೆಯಿತು. ಎದ್ದು ಓಡಿಬಿಡೋಣ ಅನ್ನಿಸಿತು. ಕಂಬಳಿ ಹಿಡಿದುಕೊಂಡು ಕೂತಳು.

ಐದು ನಿಮಿಷ ಇತ್ತು. ಗ್ಯಾಲರಿಯಲ್ಲಿ ಮೂವತ್ತು ಜನ ಇದ್ದರೇನೋ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಲೊಯೆಲ್ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಮೊಣಕಾಲು ಹಿಡಿದುಕೊಂಡು ಹತ್ತಿ ಬರುತ್ತಿದ್ದ. ಅವಳನ್ನು ನೋಡದೆ ದಾಟಿ ಹಿಂದಿನ ತನ್ನ ಸೀಟಿನಲ್ಲಿ ಕೂತ. ಉಸಿರು ಜೋರಾಗಿತ್ತು.

ಇಬ್ಬರೂ ಮೈದಾನವನ್ನೇ ನೋಡಿದರು. ಕೊಕ್ಕರೆಗಳು ಚೆಂಡು ಬಿಟ್ಟವು.

"ನಾನು ಕೂಗ್ಬಾರ್ದಿತ್ತು ಅರ್ಡಿತ್."

ಅವಳು ಕಂಬಳಿಯ ಅಂಚು ಸರಿಪಡಿಸಿದಳು.

"ಅಂಚೆ ಹಂಚೋವಾಗ ಸಾವಿರ ಮನೆ ಮುಖ ನೋಡ್ದೆ. ಯಾರ ಮನೇಲಿ ಏನು ಅಂತ ಬಾಗಿಲಲ್ಲೇ ಗೊತ್ತಾಗ್ತಿತ್ತು ನಂಗೆ. ಅವನ ಮುಖ ನೋಡ್ಲಿಲ್ಲ. ಹೇಡಿ ಅಂದೆ."

"ನಾನು ಪಕ್ಕದಲ್ಲೇ ಕೂತಿದ್ದೆ. ನೋಡ್ದೆ. ನಕ್ಕೆ."

"ನಿಂದು ಬೇರೆ."

"ಬೇರೆ ಇಲ್ಲ."

ಮೂರು ನಿಮಿಷ. ಅವಳು ತಿರುಗಿದಳು. ವರ್ಷವಾಗುತ್ತ ಬಂದ ಮೇಲೆ ಅವನ ಮುಖ ನೋಡಿದಳು. ಮುದುಕನಾಗಿದ್ದ. ಆ ಮಾತನ್ನು ಇನ್ನು ಹಿಡಿದಿಟ್ಟುಕೊಂಡು ಮಾಡುವುದೇನೂ ಇರಲಿಲ್ಲ.

"ಕಾರಲ್ಲಿ ನಿನ್ನ ಮಾತೇ ಆಡ್ದ ಅವನು. ನಗ್ತಿದ್ದ. ಲೊಯೆಲ್‌ಗೆ ಹತ್ತು ವರ್ಷಕ್ಕಾಗೋಷ್ಟು ಸಿಕ್ತು ಅಂದ. ಶನಿವಾರ ಬರ್ತೀನಿ, ಪೆಟ್ಟಿಗೆ ತೆಗೆದಿಡು ಅಂತ ಹೇಳು ಅಂದ. ನಾನೇ ಹೇಳ್ಲಿಲ್ಲ ನಿಂಗೆ."

ಲೊಯೆಲ್ ಮುಂದಕ್ಕೆ ಬಾಗಿದ.

"ನಗ್ತಿದ್ನಾ?"

"ನಗ್ತಿದ್ದ."

"ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಮನಸ್ಸು ಬರ್ಲಿಲ್ಲ. ಬೈಯೋದಿದ್ರೆ ಬೈಯಿ."

ಅವನು ಬೈಯಲಿಲ್ಲ. ಕರವಸ್ತ್ರ ತೆಗೆದು ಮೂಗು ಸೀದಿದ. ಆ ಸದ್ದಿಗೆ ನಾಲ್ಕು ಸಾಲು ಕೆಳಗೆ ಕೂತವರು ತಿರುಗಿ ನೋಡಿದರು. ಆಮೇಲೆ ಪೆಟ್ಟಿಗೆ ತೆರೆದು ಸಾರನ್ನು ಮುಚ್ಚಳಕ್ಕೆ ಬಗ್ಗಿಸಿ ಅವಳಿಗೆ ಕೊಟ್ಟ. ಬನ್ನು ಮುರಿದು ಅರ್ಧ ಕೊಟ್ಟ. ಕೈ ಖಾಲಿಯಾಗಲೆಂದು, ಅಭ್ಯಾಸಬಲದಿಂದ, ಪೆಟ್ಟಿಗೆಯನ್ನು ಮುಂದಕ್ಕೆ ಚಾಚಿ ಎಂಟನೆಯ ಸೀಟಿನ ಕಂಬಳಿಯ ಮೇಲೆ ಇಟ್ಟ.

"ತೆಗಿಯೋ," ಎಂದಳು ಅರ್ಡಿತ್.

ಅವನು ಗಾಬರಿಯಾಗಿ ಹಿಂದಕ್ಕೆ ಎಳೆದುಕೊಂಡ. ಅವಳ ಮುಖ ನೋಡಿದ. ಅವಳ ಬಾಯಿ ನಡುಗುತ್ತಿತ್ತು, ಅಳುವೋ ನಗುವೋ ಅವಳಿಗೇ ತಿಳಿಯದು. ಅವನು ಪೆಟ್ಟಿಗೆಯನ್ನು ತನ್ನ ಕಾಲಡಿಯಲ್ಲಿ ಇಟ್ಟುಕೊಂಡ.

ಒಂದು ನಿಮಿಷ ಉಳಿದಿತ್ತು. ಆ ಸಣಕಲ ಹುಡುಗನಿಗೆ ಮತ್ತೆ ಚೆಂಡು ಸಿಕ್ಕಿತು. ಲೊಯೆಲ್ ಎದ್ದು ನಿಂತ.

"ಓಡೋ! ಒಂಟಿಕಾಲಲ್ಲಿ ನಿಂತ್ಕೋಬೇಡ್ವೋ! ಓಡೋ ಮುಂಡೇದೆ!"

ಖಾಲಿ ಗ್ಯಾಲರಿಯಲ್ಲಿ ದನಿ ಹೊಡೆದು ತಿರುಗಿ ಬಂತು. ಹುಡುಗ ಓಡಿದ. ಹನ್ನೆರಡು ಹೆಜ್ಜೆ. ಬಿದ್ದ.

ಗಡಿಯಾರ ಸೊನ್ನೆಗೆ ಬಂತು. ಆಟ ಮುಗಿದ ಮೇಲೆ ಹುಡುಗರು ಗ್ಯಾಲರಿಯ ಹತ್ತಿರ ಬಂದು ಶಿರಸ್ತ್ರಾಣ ಎತ್ತಿ ಹಿಡಿಯುವುದು ಅಲ್ಲಿಯ ರೂಢಿ. ಇದ್ದದ್ದು ಹತ್ತಿಪ್ಪತ್ತು ಜನ. ಆದರೂ ಬಂದರು, ಎತ್ತಿ ಹಿಡಿದರು. ಅರ್ಡಿತ್ ಕೈ ಎತ್ತಿ ಬೀಸಿದಳು. ಕಂಬಳಿ ಮಡಿಚಿ ತೋಳಿಗೆ ಹಾಕಿಕೊಂಡಳು. ಲೊಯೆಲ್ ಮುಂದೆ ಇಳಿದ. ಮೆಟ್ಟಿಲಿಗೊಮ್ಮೆ ನಿಂತು ಅವಳಿಗೆ ಕೈ ಕೊಟ್ಟ.

"ಮುಂದಿನ ಶನಿವಾರ ಆಡ್ತಾರಾ?" ಎಂದು ಕೇಳಿದ. ಅವನಿಗೆ ಗೊತ್ತಿತ್ತು.

"ಸೋಲ್ತಾರೆ."

"ಅದಲ್ಲ ಕೇಳಿದ್ದು."

"ಒಂದು ಗಂಟೆಗೆ. ಬನ್ನು ಎರಡು ತಗೊಂಡು ಬಾ. ಅರ್ಧ ಸಾಲಲ್ಲ."